ಮೊಜಾರ್ಟ್ ಕೆ. 309 ನುಡಿಸಿದ್ದೇನೆ, ಕೇಳಿ ತಪ್ಪು ಹೇಳ್ತೀರಾ?

ಕಪ್ಪುಬಿಳುಪು

ಎಲ್ಲರಿಗೂ ನಮಸ್ಕಾರ. ನನಗೆ 16 ವರ್ಷ, ಬೆಂಗಳೂರಿನಲ್ಲಿ ಪಿಯಾನೋ ಕಲಿಯುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ಮಿಸ್ ಹತ್ತಿರ ಕಲಿಯುವವರೆಲ್ಲ ಸೇರಿ ಒಂದು ಚಿಕ್ಕ ಕಾರ್ಯಕ್ರಮ ಮಾಡುತ್ತಿದ್ದೇವೆ. ನನ್ನ ಪಾಲಿಗೆ ಬಂದಿರುವುದು ಮೊಜಾರ್ಟನ ಸಿ ಮೇಜರ್ ಸೊನಾಟಾ, ಕೆ. 309 (ಅವನ ಕೃತಿಪಟ್ಟಿಯ ನಂಬರು). ಮೊದಲ ಎರಡು ಭಾಗ (ವೇಗದ ಅಲೆಗ್ರೊ, ನಿಧಾನದ ಆಂಡಾಂಟೆ) ರೆಕಾರ್ಡ್ ಮಾಡಿ ಹಾಕಿದ್ದೇನೆ. ಮಿಸ್ ಮನೆಯ ಅಪ್‌ರೈಟ್ ಪಿಯಾನೋ, ಪಕ್ಕದ ಸ್ಟೂಲ್ ಮೇಲೆ ಅಪ್ಪನ ಫೋನು. ಎಡಿಟ್ ಏನೂ ಮಾಡಿಲ್ಲ. ಅಲೆಗ್ರೊದಲ್ಲಿ ರಿಪೀಟ್ ತಗೊಂಡಿಲ್ಲ.

ಆಂಡಾಂಟೆ ಬಗ್ಗೆ ನನಗೇ ಸಮಾಧಾನ ಇಲ್ಲ. ಸ್ವರ ಎಲ್ಲ ಸರಿಯಾಗಿ ಬೀಳುತ್ತಿದೆ, ಆದ್ರೂ ಏನೋ ಆಗ್ತಿಲ್ಲ. ಮನೆಯಲ್ಲಿ ಕೇಳಿದರೆ ‘ಸೂಪರ್’ ಬಿಟ್ಟು ಬೇರೆ ಮಾತೇ ಬರಲ್ಲ. ಅಜ್ಜಿಯಂತೂ ನಾನು ಬರೀ ಸ್ಕೇಲ್ ನುಡಿಸಿದರೂ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಸುಮ್ನೆ_ಕೇಳುವವ

ನನಗೆ ಪಿಯಾನೋ ಬಗ್ಗೆ ಏನೂ ಗೊತ್ತಿಲ್ಲ, ಮೊದಲೇ ಹೇಳಿಬಿಡ್ತೀನಿ. ಮೊದಲ ಭಾಗ ಖುಷಿ ಕೊಟ್ಟಿತು. ಶುರುವಿನಲ್ಲೇ ಎರಡೂ ಕೈ ಸೇರಿ ಜೋರಾಗಿ ಏನೋ ಘೋಷಣೆ ಮಾಡಿ, ಮರುಕ್ಷಣವೇ ಮೆತ್ತಗೆ ಉತ್ತರ ಕೊಡುವುದು ಮಜವಾಗಿದೆ. ಎರಡನೇ ಭಾಗದಲ್ಲಿ ಮಾತ್ರ ಅದೇ ಧಾಟಿ ಮತ್ತೆ ಮತ್ತೆ ಬಂದ ಹಾಗಾಯಿತು. ಮೂರನೇ ಸಲ ಬಂದಾಗ ವಾಟ್ಸ್ಆ್ಯಪ್ ನೋಡೋಕೆ ಶುರು ಮಾಡಿದೆ. ಬೇಜಾರು ಮಾಡ್ಕೋಬೇಡ ಪುಟ್ಟಾ.

ತಂತಿ_ಬಿಗಿಯುವವ

ಪಿಯಾನೋ ಟ್ಯೂನಿಂಗ್ ನನ್ನ ಕೆಲಸ. ಸಂಗೀತದ ವಿಷಯ ಬೇರೆಯವರು ಹೇಳಲಿ, ನಾನು ಡಬ್ಬಿ ಬಗ್ಗೆ ಹೇಳುತ್ತೇನೆ.

ಒಂದು, ಮಧ್ಯದ ‘ಸಿ’ಯ ಮೇಲಿನ ‘ಎಫ್’ ಹದಗೆಟ್ಟಿದೆ. ಆ ಭಾಗದಲ್ಲಿ ಒಂದು ಸ್ವರಕ್ಕೆ ಮೂರು ತಂತಿ ಇರುತ್ತವೆ. ಮೂರರಲ್ಲಿ ಒಂದು ಜಾರಿದೆ, ಅದಕ್ಕೇ ‘ವ್ಹಾ ವ್ಹಾ’ ಅಂತ ಅಲೆಯುತ್ತಿದೆ. ನಿನ್ನ ಆಂಡಾಂಟೆ ಇರುವುದೇ ಎಫ್ ಮೇಜರ್‌ನಲ್ಲಿ. ಮನೆಗೆ ಬಂದ ಹಾಗೆ ಅನಿಸಬೇಕಾದ ಸ್ವರವೇ ಅಲುಗಾಡುತ್ತಿದ್ದರೆ ಯಾರಿಗೆ ತಾನೆ ಸಮಾಧಾನ ಆಗುತ್ತದೆ? ಮಳೆಗಾಲದಲ್ಲಿ ಸೌಂಡ್‌ಬೋರ್ಡಿನ ಮರ ತೇವ ಕುಡಿದು ಉಬ್ಬುತ್ತದೆ, ಶ್ರುತಿ ಏರುತ್ತದೆ. ಒಣಹವೆಯಲ್ಲಿ ಇಳಿಯುತ್ತದೆ. ಆದರೆ ಎಲ್ಲ ತಂತಿಯೂ ಒಂದೇ ಸಮ ಏರಿಳಿಯುವುದಿಲ್ಲ. ಕಾರ್ಯಕ್ರಮಕ್ಕೆ ಮುಂಚೆ ಒಂದು ಸಲ ಟ್ಯೂನ್ ಮಾಡಿಸಲು ನಿಮ್ಮ ಮಿಸ್‌ಗೆ ಹೇಳಿ.

ಎರಡು, ಇದು ಮುಖ್ಯ. ಫೋನಿನ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಸದ್ದನ್ನು ಸಮ ಮಾಡುತ್ತದೆ. ಮೆತ್ತಗಿದ್ದರೆ ಎತ್ತುತ್ತದೆ, ಜೋರಾಗಿದ್ದರೆ ಅದುಮುತ್ತದೆ. ಮಾತು ಕೇಳಿಸಲಿ ಅಂತ ಮಾಡಿದ ಏರ್ಪಾಡು ಅದು. ಸಂಗೀತಕ್ಕೆ ಬಂದರೆ ನೀನು ಮಾಡಿದ ಫೋರ್ಟೆ (ಜೋರು), ಪಿಯಾನೊ (ಮೆತ್ತಗೆ) ಎರಡನ್ನೂ ಸೇರಿಸಿ ಮಟ್ಟಸ ಮಾಡಿಬಿಡುತ್ತದೆ. ಅಲೆಗ್ರೊದ ಮೊದಲ ಎರಡು ಬಾರ್ (ಲಯದ ಒಂದೊಂದು ಅಳತೆ) ಆದ ತಕ್ಷಣ ಹಿಂದಿನ ಫ್ಯಾನ್ ಸದ್ದು ಮೇಲೆ ಬರುವುದು ಕೇಳಿಸ್ತಾ? ಅದೇ ಸಾಕ್ಷಿ. ಹಾಗಾಗಿ ‘ಏರಿಳಿತ ಇಲ್ಲ’ ಅಂತ ಯಾರಾದರೂ ಬೈದರೆ ಅರ್ಧ ಬೈಗುಳ ಫೋನಿಗೆ ಕೊಡು. ಈ ‘ಆಟೋ ಗೇನ್’ ಆಫ್ ಮಾಡಬಹುದಾದ ರೆಕಾರ್ಡಿಂಗ್ ಆ್ಯಪ್ ಹಾಕಿಕೊಂಡು, ಫೋನನ್ನು ಏಳೆಂಟು ಅಡಿ ದೂರ ಇಟ್ಟು ಇನ್ನೊಂದು ಸಲ ಮಾಡು. ಫ್ಯಾನ್ ಆಫ್ ಮಾಡು.

ಬೆರಳಚ್ಚು

ಮೂವತ್ತು ವರ್ಷದಿಂದ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ ಕಣಮ್ಮ.

ಅಲೆಗ್ರೊ: ಆರಂಭ ಗಟ್ಟಿಯಾಗಿದೆ. ಆ ಮೊದಲ ವಾಕ್ಯ ಏಳು ಬಾರ್‌ನದು, ಎರಡು ಜೋರು, ಐದು ಮೆತ್ತಗೆ. ಸಾಮಾನ್ಯವಾಗಿ ನಾಲ್ಕು, ಎಂಟು ಅಂತ ಲೆಕ್ಕ ಇರುತ್ತದೆ. ಇಲ್ಲಿ ಬೇಕೆಂತಲೇ ಓರೆ. ಮಕ್ಕಳು ಏಳನೇ ಬಾರ್ ಕೊನೆಗೆ ಸುಮ್ಮನೆ ಒಂದು ಉಸಿರು ಸೇರಿಸಿ ಅದನ್ನು ಎಂಟು ಮಾಡಿಬಿಡುತ್ತಾರೆ. ನೀನು ಮಾಡಿಲ್ಲ. ಶಭಾಷ್. 1:03ಕ್ಕೆ ಜಿ ಮೇಜರ್‌ನ ಎರಡನೇ ವಿಷಯ (ಥೀಮ್) ಬರುವ ಮುಂಚೆ ಎಡಗೈ ಮಾತ್ರ ಎರಡು ಬಾರ್ ನಡೆಯುತ್ತದಲ್ಲ, ಅಲ್ಲಿ ಎಡಗೈ ಭಾರ. ಅದು ಹಾಸಿಗೆ ಹಾಸುತ್ತಿದೆ ಅಷ್ಟೆ, ಬಂದು ಕೂರುವವರು ಬೇರೆ.

1:48ಕ್ಕೆ ಡೆವಲಪ್‌ಮೆಂಟ್ (ಆರಂಭದ ವಿಷಯವನ್ನು ಬೆಳೆಸುವ ಮಧ್ಯಭಾಗ) ಶುರುವಾಗುತ್ತದೆ. ಅದೇ ಆರಂಭದ ಘೋಷಣೆ, ಆದರೆ ಜಿ ಮೈನರ್‌ನಲ್ಲಿ. ನೀನು ಮೊದಲಿನ ಹಾಗೇ ನಗುನಗುತ್ತಾ ನುಡಿಸಿದ್ದೀಯ. ಉಲ್ಲಾಸದ ಮೇಜರ್ ಹೋಗಿ ದುಗುಡದ ಮೈನರ್ ಬಂತು, ನಿನ್ನ ಕೈಗೆ ಸುದ್ದಿ ಮುಟ್ಟಿಲ್ಲ.

ಆಂಡಾಂಟೆ: ಮೇಲೆ ‘ಸುಮ್ನೆ ಕೇಳುವವರು’ ಹೇಳಿದ್ದೇ ಸರಿಯಾದ ವಿಮರ್ಶೆ. ಅದೇ ಧಾಟಿ ಮತ್ತೆ ಮತ್ತೆ ಬರುತ್ತದೆ, ನಿಜ. ಆದರೆ ಪ್ರತಿ ಸಲವೂ ಮೊಜಾರ್ಟ್ ಅದಕ್ಕೆ ಹೊಸ ಅಲಂಕಾರ ಬರೆದಿದ್ದಾನೆ. ಜೊತೆಗೆ ಪುಟ ತುಂಬಾ ಎಫ್ (ಫೋರ್ಟೆ), ಪಿ (ಪಿಯಾನೊ), ಎಫ್, ಪಿ. ಒಂದೇ ಬಾರ್‌ನೊಳಗೆ ಎರಡೂ ಇವೆ. ನಿನ್ನ ರೆಕಾರ್ಡಿಂಗ್‌ನಲ್ಲಿ ನನಗೆ ಕೇಳಿಸಿದ್ದು ಒಂದೇ ಮಟ್ಟ. ಫೋನಿನ ಪಾಲು ಇರಬಹುದು, ಟ್ಯೂನರ್ ಸಾಹೇಬರು ಹೇಳಿದ್ದು ಒಪ್ಪುತ್ತೇನೆ. ಪೂರ್ತಿ ಫೋನಿನದೇ ಅಲ್ಲ.

ಪೆಡಲ್ (ಸ್ವರ ನಿಲ್ಲದೆ ಗುಂಯ್ ಅನ್ನುವ ಹಾಗೆ ಕಾಲಲ್ಲಿ ಒತ್ತುವುದು): ಜಾಸ್ತಿ. ಬಹಳ ಜಾಸ್ತಿ.

ವೀಣಾಪಾಣಿ_ಅಕ್ಕ

ನಾನು ಕರ್ನಾಟಕ ಸಂಗೀತದವಳು. ಪಿಯಾನೋ ಭಾಷೆ ಬರಲ್ಲ, ಲಯ ಮಾತ್ರ ಕಿವಿಗೆ ಬೀಳುತ್ತದೆ. ಮೊದಲ ಭಾಗದಲ್ಲಿ ಓಟದ ಸ್ವರಗಳು ಬಂದಾಗೆಲ್ಲ ಕಾಲಪ್ರಮಾಣ ಓಡುತ್ತಿದೆ. ತೊಡೆ ಮೇಲೆ ತಾಳ ಹಾಕಿಕೊಂಡೇ ಕೇಳಿದೆ. ಕೊನೆಗೆ ಬರುವಷ್ಟರಲ್ಲಿ ಶುರುವಿಗಿಂತ ಸಾಕಷ್ಟು ಮುಂದೆ ಹೋಗಿದ್ದೀಯ. ಮುಗಿಸುವ ಆತುರ ಅಲ್ವಾ? ಎರಡನೇ ಭಾಗದಲ್ಲಿ ತದ್ವಿರುದ್ಧ. ಅಲಂಕಾರ ಬಂದಲ್ಲೆಲ್ಲ ನಿಲ್ಲಿಸಿ, ಅದನ್ನು ನುಡಿಸಿ, ಮತ್ತೆ ಹೊರಡುತ್ತೀಯ. ನಮ್ಮಲ್ಲಿ ಹಾಗೆ ಮಾಡಿದರೆ ಮೃದಂಗದವರು ತಿರುಗಿ ನೋಡ್ತಾರೆ!

ಕಪ್ಪುಬಿಳುಪು

ಅಬ್ಬಾ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

@ಬೆರಳಚ್ಚು ಮೇಡಂ, ಜಿ ಮೈನರ್ ವಿಷಯ ಒಪ್ಪಿದೆ. ಪೆಡಲ್ ಮಾತ್ರ ಒಪ್ಪಲ್ಲ. ಆಂಡಾಂಟೆಯಲ್ಲಿ ಪೆಡಲ್ ಪೂರ್ತಿ ಬಿಟ್ಟರೆ ಮಿಸ್ ಮನೆ ಪಿಯಾನೋ ಒಣ ಒಣ ಕೇಳಿಸುತ್ತದೆ. ದೊಡ್ಡ ಕಲಾವಿದರೂ ಮೊಜಾರ್ಟ್‌ಗೆ ಪೆಡಲ್ ಹಾಕ್ತಾರಲ್ಲ?

@ವೀಣಾಪಾಣಿ ಅಕ್ಕ, ಆಂಡಾಂಟೆಯಲ್ಲಿ ನಿಲ್ಲಿಸಿದ್ದು ಬೇಕಂತಲೇ. ರುಬಾಟೊ ಅದು, ಭಾವಕ್ಕೋಸ್ಕರ ಲಯವನ್ನು ಚೂರು ಹಿಂದೆಮುಂದೆ ಮಾಡುವುದು.

ಬೆರಳಚ್ಚು

ಹಾಕ್ತಾರೆ, ನಿಜ. ಕಾಲಿನ ತುದಿಯಲ್ಲಿ ಮುಟ್ಟಿ ಬಿಡುತ್ತಾರೆ. ನೀನು ಕಾಲಿಟ್ಟು ಮರೆತಿದ್ದೀಯ. ರುಬಾಟೊ ಬಗ್ಗೆ ಮೊಜಾರ್ಟನೇ ಹೇಳಿದ್ದು ಇದೆ, ಆಮೇಲೆ ಬರೆಯುತ್ತೇನೆ, ಕ್ಲಾಸಿಗೆ ಮಕ್ಕಳು ಬಂದರು.

ನೆಕ್ಕರ್_ದಂಡೆ

ಈ ಸೊನಾಟಾ ಹೆಸರು ನೋಡಿ ಓಡಿ ಬಂದೆ. ನಾನು ಇರುವುದು ಜರ್ಮನಿಯ ಮ್ಯಾನ್‌ಹೈಮ್ ಪಕ್ಕದಲ್ಲಿ, ಸಾಫ್ಟ್‌ವೇರ್ ಕೆಲಸ. ಈ ಕಡೆ ಕನ್ನಡದವರು ಸುಮಾರು ಜನ ಇದ್ದೇವೆ. ದಿನಾ ಟ್ರಾಮ್‌ನಲ್ಲಿ ಹೋಗುವಾಗ ಅರಮನೆ ಮುಂದೆಯೇ ಹೋಗುತ್ತೇನೆ. ನಿನ್ನ ಸೊನಾಟಾ ಹುಟ್ಟಿದ್ದು ಇದೇ ಊರಿನಲ್ಲಿ, 1777ರ ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ.

ಮೊಜಾರ್ಟ್‌ಗೆ ಆಗ 21. ಜೊತೆಗೆ ಅಮ್ಮ ಮಾತ್ರ. ಹುಟ್ಟೂರು ಸಾಲ್ಜ್‌ಬರ್ಗ್‌ನ ಕೆಲಸ ಬಿಟ್ಟು ಬೇರೆ ಕೆಲಸ ಹುಡುಕಿಕೊಂಡು ಹೊರಟವನು. ಮ್ಯಾನ್‌ಹೈಮ್‌ನಲ್ಲಿ ದೊರೆ ಕಾರ್ಲ್ ಥಿಯೋಡರನ ಆರ್ಕೆಸ್ಟ್ರಾ ಯುರೋಪಿನಲ್ಲೇ ಹೆಸರುವಾಸಿ. ಪಿಸುಮಾತಿನಿಂದ ಗುಡುಗಿನವರೆಗೆ ಎಲ್ಲರೂ ಒಟ್ಟಿಗೆ ಏರುವ ಕ್ರೆಷೆಂಡೊಗೆ ಅವರು ಪ್ರಸಿದ್ಧರು. ಅದರ ಮುಖ್ಯಸ್ಥ ಕ್ರಿಸ್ಟಿಯನ್ ಕಾನ್ನಬಿಕ್. ಅವನ ಮಗಳು ರೋಸಾ, ಹದಿಹರೆಯದ ಹುಡುಗಿ, ಪಿಯಾನೋ ನುಡಿಸುತ್ತಿದ್ದಳು. ಅಪ್ಪನ ಸ್ನೇಹ ಗಟ್ಟಿ ಮಾಡಿಕೊಳ್ಳಲು ಮಗಳಿಗೆ ಒಂದು ಸೊನಾಟಾ ಬರೆಯುತ್ತಿದ್ದೇನೆ ಅಂತ ಮೊಜಾರ್ಟ್ ಊರಿಗೆ ಕಾಗದ ಹಾಕುತ್ತಾನೆ. ಕೆಲಸ ಬೇಕಲ್ಲ, ಆಗಲೂ ಹಾಗೇ! ಆ ಸೊನಾಟಾ ಇದೇ ಕೆ. 309 ಅಂತ ಈಗ ಎಲ್ಲರೂ ಒಪ್ಪುತ್ತಾರೆ.

ನಿನಗೆ ಬೇಕಾದ ವಿಷಯ ಮುಂದಿದೆ. ಆಂಡಾಂಟೆಯನ್ನು ರೋಸಾಳ ಸ್ವಭಾವದ ಹಾಗೇ ಬರೆಯುತ್ತೇನೆ ಅಂತ ಅವನೇ ಹೇಳಿದ್ದಾನೆ. ಅವಳು ಗಂಭೀರ, ಮಾತು ಕಮ್ಮಿ, ಆಡಿದರೆ ಹಿತವಾಗಿ ಆಡುವವಳು ಅಂತ ವರ್ಣನೆ ಇದೆ. ಪಾಠ ಶುರುವಾದಾಗ ಅಪ್ಪನಿಗೆ ಬರೆಯುತ್ತಾನೆ: ಈ ಆಂಡಾಂಟೆಯೇ ನಮಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡುವುದು, ಯಾಕೆಂದರೆ ಭಾವ ತುಂಬಿದೆ, ಫೋರ್ಟೆ ಪಿಯಾನೊಗಳನ್ನು ಬರೆದಿರುವ ಹಾಗೇ ಕರಾರುವಾಕ್ಕಾಗಿ ನುಡಿಸಬೇಕು. ಅಂದರೆ ಬೆರಳಚ್ಚು ಮೇಡಂ ಹೇಳಿದ್ದನ್ನೇ ಆತನೂ ಹೇಳಿದ್ದ!

ರೋಸಾಳ ಬಗ್ಗೆ ಇನ್ನೊಂದು ಮಾತಿದೆ. ಬಲಗೈ ಬಹಳ ಚೆನ್ನಾಗಿದೆ, ಎಡಗೈ ಮಾತ್ರ ಪೂರ್ತಿ ಕೆಟ್ಟುಹೋಗಿದೆ ಅಂತ. ನಾನೇ ಅವಳ ಖಾಯಂ ಮೇಷ್ಟ್ರಾಗಿದ್ದರೆ ಸಂಗೀತದ ಪುಸ್ತಕವನ್ನೆಲ್ಲ ಬೀಗ ಹಾಕಿ ಇಡುತ್ತಿದ್ದೆ, ಕೀಬೋರ್ಡ್ ಮೇಲೆ ಕರವಸ್ತ್ರ ಮುಚ್ಚಿ, ಮೊದಲು ಬಲಗೈ, ಆಮೇಲೆ ಎಡಗೈ, ಬರೀ ಪ್ಯಾಸೇಜು, ಟ್ರಿಲ್ಲು ಅಭ್ಯಾಸ ಮಾಡಿಸುತ್ತಿದ್ದೆ, ಕೈ ಸರಿಹೋಗುವವರೆಗೆ ನಿಧಾನವಾಗಿ, ಅಂತ ಅಮ್ಮ ಮಗಳಿಬ್ಬರ ಮುಂದೆಯೂ ಹೇಳಿದ್ದಾನೆ. ನಿನಗೆ ಇಲ್ಲಿ ಸಿಕ್ಕಿದ್ದು ಅದಕ್ಕಿಂತ ಮೃದುವಾದ ಮಾತು ಬಿಡು.

ಸುಮ್ನೆ_ಕೇಳುವವ

ಕರವಸ್ತ್ರ ಮುಚ್ಚಿದರೆ ನುಡಿಸೋದು ಹೇಗೆ? 😄

ಬೆರಳಚ್ಚು

ಕಣ್ಣಿಗೆ ಕೀ ಕಾಣಬಾರದು, ಕೈಗೇ ದಾರಿ ಗೊತ್ತಾಗಬೇಕು ಅಂತ. ನಾನು ಟವೆಲ್ ಹಾಕಿಸುತ್ತೇನೆ. ಮಕ್ಕಳು ನಗುತ್ತಾರೆ, ಆದರೆ ಒಂದು ವಾರದಲ್ಲಿ ಎಡಗೈ ನೆಗೆತ ಸರಿಹೋಗುತ್ತದೆ.

ಈಗ ರುಬಾಟೊ. ಅದೇ 1777ರ ಅಕ್ಟೋಬರ್, ಮ್ಯಾನ್‌ಹೈಮ್‌ಗೆ ಬರುವ ಮುಂಚೆ ಮೊಜಾರ್ಟ್ ಆಗ್ಸ್‌ಬರ್ಗ್‌ನಲ್ಲಿದ್ದ. ಅಲ್ಲಿಂದ ಬರೆದ ಕಾಗದದಲ್ಲಿ ಅವನ ವಾದ ಹೀಗಿದೆ: ನಿಧಾನದ ಭಾಗದಲ್ಲಿ ನಾನು ರುಬಾಟೊ ಮಾಡುವಾಗ ನನ್ನ ಎಡಗೈಗೆ ಅದರ ಸುಳಿವೇ ಇರುವುದಿಲ್ಲ, ಜನಕ್ಕೆ ಇದು ಅರ್ಥವೇ ಆಗಲ್ಲ, ಅವರ ಎಡಗೈ ಬಲಗೈ ಹಿಂದೆ ಎಳೆದುಕೊಂಡು ಹೋಗುತ್ತದೆ. ಅಂದರೆ ಎಡಗೈ ತಾಳ ಬಿಡಬಾರದು, ಬಲಗೈ ಮಾತ್ರ ಚೂರು ಹಿಂದೆಮುಂದೆ ಆಗಬಹುದು. ನೀನು ಮಾಡಿದ್ದು ಎರಡೂ ಕೈ ನಿಲ್ಲಿಸುವುದು. ವೀಣಾಪಾಣಿ ಅವರ ಕಿವಿಗೆ ಅದಕ್ಕೇ ಚುಚ್ಚಿದೆ.

ವೀಣಾಪಾಣಿ_ಅಕ್ಕ

ಇದು ಕೇಳಿ ಖುಷಿ ಆಯ್ತು. ಹಾಡುವವರು ಸಾಹಿತ್ಯವನ್ನು ಹಿಂದೆ ಮುಂದೆ ಎಳೆದಾಡಿದರೂ ತಾಳದ ಕೈ ಅಲುಗುವುದಿಲ್ಲ. ಅಷ್ಟೇ ಅಲ್ವಾ?

ಬೆರಳಚ್ಚು

ಅಷ್ಟೇ. ಇಲ್ಲಿ ಎಡಗೈಯೇ ತಾಳದ ಕೈ.

ಗಾನಸುಧೆ77

ಚರ್ಚೆ ಚೆನ್ನಾಗಿದೆ. ಆದ್ರೆ ನನ್ನದೊಂದು ಪ್ರಶ್ನೆ. ಮನೆ ಬಾಗಿಲಲ್ಲೇ ವೀಣೆ, ಪಿಟೀಲು, ಕೊಳಲು ಇರುವಾಗ ನಮ್ಮ ಮಕ್ಕಳಿಗೆ 250 ವರ್ಷ ಹಿಂದಿನ ಜರ್ಮನ್ ಸಂಗೀತ ಯಾಕೆ? ಅದೂ ಗ್ರೇಡು, ಪರೀಕ್ಷೆ, ಸರ್ಟಿಫಿಕೇಟು ಅಂತ.

ಅರಮನೆ_ರಸ್ತೆ

ಮೈಸೂರಿನವನಾಗಿ ಇದಕ್ಕೆ ಉತ್ತರ ಕೊಡಲೇಬೇಕು. ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು, ‘ಶ್ರೀವಿದ್ಯಾ’ ಅಂಕಿತದಲ್ಲಿ. ಅವರೇ ಲಂಡನ್ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ (ಡಿಪ್ಲೊಮಾ ಪಡೆದವರು) ಕೂಡ. ಎರಡನೇ ಮಹಾಯುದ್ಧದ ನಂತರ ಲಂಡನ್‌ನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಸಂಯೋಜಕ ಮೆಟ್ನರ್‌ನ ಸಂಗೀತ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ಅವರೇ. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಅರಮನೆಯಲ್ಲಿ ಎರಡೂ ಒಟ್ಟಿಗೆ ಬದುಕಿದ್ದವು ಸ್ವಾಮಿ. ಒಂದು ಬೇಕಾದರೆ ಇನ್ನೊಂದು ಬಿಡಬೇಕು ಅಂತ ಯಾರು ಹೇಳಿದ್ದು?

ಗಾನಸುಧೆ77

ಒಪ್ಪಿದೆ, ಪರೀಕ್ಷೆ ವಿಷಯ ಮಾತ್ರ ಬಿಡಲ್ಲ. ಆ ಹುಡುಗಿ ನುಡಿಸಿದ್ದನ್ನು ನಾನೂ ಕೇಳಿದೆ, ಕೈ ಚೆನ್ನಾಗಿದೆ.

ಇಬ್ಬರು_ಮಕ್ಕಳ_ತಾಯಿ

ನನ್ನ ಮಗಳೂ ಪಿಯಾನೋ ಕಲಿಯುತ್ತಾಳೆ, 9 ವರ್ಷ. ಇಲ್ಲಿ ಬರೆದಿರುವುದನ್ನು ಓದಿ ಸ್ವಲ್ಪ ಗಾಬರಿ ಆಯಿತು. ಚಿಕ್ಕ ಹುಡುಗಿ ಧೈರ್ಯ ಮಾಡಿ ಹಾಕಿದ್ದಾಳೆ. ಪೆಡಲ್ ಜಾಸ್ತಿ, ಎಡಗೈ ಭಾರ, ಲಯ ಓಡಿತು ಅಂತ ಒಬ್ಬರಾದ ಮೇಲೆ ಒಬ್ಬರು ಮುಗಿಬಿದ್ದರೆ ನಾಳೆ ಪಿಯಾನೋ ಮುಚ್ಚಿ ಇಟ್ಟರೆ? ನಮ್ಮ ಮನೆಯಲ್ಲಿ ಒಬ್ಬ ಮೇಷ್ಟ್ರ ಒಂದು ಮಾತಿಗೆ ಮಗಳು ಆರು ತಿಂಗಳು ಮುಟ್ಟಲಿಲ್ಲ.

ನೆಕ್ಕರ್_ದಂಡೆ

ನಿಮ್ಮ ಆತಂಕ ನಿಜವೇ ಮೇಡಂ. ಒಂದು ಕತೆ ಹೇಳುತ್ತೇನೆ, ಇದೂ ಅದೇ ಆಗ್ಸ್‌ಬರ್ಗ್ ಕಾಗದದಲ್ಲಿರುವುದೇ. ಅಲ್ಲಿ ಸ್ಟೈನ್ ಅಂತ ಪಿಯಾನೋ ಮಾಡುವವನಿದ್ದ. ಅವನ ಪಿಯಾನೋಗಳನ್ನು ಮೊಜಾರ್ಟ್ ಬಾಯ್ತುಂಬ ಹೊಗಳಿದ್ದಾನೆ. ಅವನ ಮಗಳು ನಾನೆಟ್‌ಗೆ 8 ವರ್ಷ, ಊರೆಲ್ಲ ಮೆಚ್ಚಿದ ಬಾಲಪ್ರತಿಭೆ. ಮೊಜಾರ್ಟ್ ಅವಳನ್ನು ಗೇಲಿ ಮಾಡಿದ್ದು ನೋಡಬೇಕು: ಕಣ್ಣು ಹೊರಳಿಸುತ್ತಾಳೆ, ಹಲ್ಲು ಕಿರಿಯುತ್ತಾಳೆ, ಒಂದೇ ಮಾತು ಎರಡನೇ ಸಲ ಬಂದರೆ ಇನ್ನೂ ನಿಧಾನ ಮಾಡುತ್ತಾಳೆ, ತೋಳನ್ನು ಆಕಾಶಕ್ಕೆ ಎತ್ತುತ್ತಾಳೆ. ಹೀಗೇ ಆದರೆ ವೇಗ ಯಾವತ್ತೂ ಬರಲ್ಲ ಅಂತ ತೀರ್ಪು. ಪ್ರತಿಭೆ ಇದೆ ಅಂತ ಒಂದು ಸಾಲೂ ಇದೆ.

ಆ ಮಗು ಮುಂದೆ ನಾನೆಟ್ ಸ್ಟ್ರೈಕರ್ ಆದಳು. ವಿಯೆನ್ನಾದಲ್ಲಿ ತನ್ನದೇ ಹೆಸರಿನಲ್ಲಿ ಪಿಯಾನೋ ಕಾರ್ಖಾನೆ ನಡೆಸಿದಳು. ಬೀಥೋವನ್ ಅವಳ ಪಿಯಾನೋಗಳನ್ನು ಇಷ್ಟಪಟ್ಟ, ಅವನ ಮನೆಯ ಆಳುಕಾಳು, ಬಟ್ಟೆಬರೆ ವ್ಯವಸ್ಥೆಗೂ ಅವಳೇ ನೆರವಾದಳು.

ಬೆರಳಚ್ಚು

ಮೇಡಂ, ಟೀಕೆ ಎರಡು ಥರ. ‘ನಿನಗೆ ಬರಲ್ಲ’ ಅನ್ನುವುದು ಒಂದು. ‘1:48ಕ್ಕೆ ಹೀಗಾಗಿದೆ’ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮಗು ಏನೂ ಮಾಡಲಾಗದು, ಅಳುವುದು ಬಿಟ್ಟು. ಎರಡನೆಯದಕ್ಕೆ ಇವತ್ತೇ ಸಂಜೆ ಕೂತು ಏನಾದರೂ ಮಾಡಬಹುದು. ಇಲ್ಲಿ ಯಾರೂ ಮೊದಲನೆಯದನ್ನು ಹೇಳಿಲ್ಲ, ಹೇಳಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ.

ಕಪ್ಪುಬಿಳುಪು

ಆಂಟಿ, ನಾನು ಚೆನ್ನಾಗಿದ್ದೀನಿ, ಗಾಬರಿ ಆಗಬೇಡಿ! ಪಿಯಾನೋ ಮುಚ್ಚಿಲ್ಲ. ಟವೆಲ್ ಹಾಕಿದ್ದೇನೆ ಅಷ್ಟೆ.

ಒಂದು ಸಮಸ್ಯೆ. ಆಂಡಾಂಟೆಯಲ್ಲಿ ಎಫ್, ಪಿ ಬರೆದ ಹಾಗೇ ಮಾಡಿದರೆ ಕೆಟ್ಟದಾಗಿ ಕೇಳಿಸುತ್ತಿದೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಹಾಗೆ ಠಣ್, ಆಮೇಲೆ ಏನೂ ಇಲ್ಲ, ಮತ್ತೆ ಠಣ್. ಜೋರು ಸ್ವರದ ಗುಂಯ್ ಇನ್ನೂ ಇರುವಾಗಲೇ ಮೆತ್ತಗಿನದು ಬಂದು ಅದರೊಳಗೇ ಮುಳುಗಿಹೋಗುತ್ತದೆ.

ತಂತಿ_ಬಿಗಿಯುವವ

ಅದು ನಿನ್ನ ತಪ್ಪಲ್ಲ, ಪಿಯಾನೋ ಬದಲಾಗಿದೆ. ಮೊಜಾರ್ಟ್ ನುಡಿಸುತ್ತಿದ್ದ ಸ್ಟೈನ್ ಥರದ ಪಿಯಾನೋ ಐದು ಆಕ್ಟೇವ್, ಮರದ ಚೌಕಟ್ಟು, ಸಣ್ಣ ತಂತಿ, ಪುಟ್ಟ ಹಗುರ ಸುತ್ತಿಗೆಗೆ ಚರ್ಮದ ಹೊದಿಕೆ. ಸ್ವರ ಚುರುಕಾಗಿ ಹುಟ್ಟಿ ಬೇಗ ಸಾಯುತ್ತದೆ. ಅಲ್ಲಿ ಫೋರ್ಟೆ ಬಾರಿಸಿದರೂ ಮುಂದಿನ ಪಿಯಾನೊ ಬರುವಷ್ಟರಲ್ಲಿ ಜಾಗ ಖಾಲಿ ಆಗಿರುತ್ತದೆ. ಪೆಡಲ್ ಕೂಡ ಕಾಲಿಗೆ ಇರಲಿಲ್ಲ, ಕೀಬೋರ್ಡ್ ಕೆಳಗೆ ಮೊಣಕಾಲಿನಿಂದ ಎತ್ತುವ ಪಟ್ಟಿ ಇತ್ತು. ಈಗಿನ ಪಿಯಾನೋದಲ್ಲಿ ಎರಕದ ಕಬ್ಬಿಣದ ಫ್ರೇಮು, ದಪ್ಪ ತಂತಿ, ಉಣ್ಣೆಯ ಸುತ್ತಿಗೆ. ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಅದರ ಮೇಲೆ ನಿನ್ನ ಪೆಡಲ್ ಬೇರೆ.

ಬೆರಳಚ್ಚು

ಹಾಗಾಗಿ ಹೀಗೆ ಮಾಡು. ‘ಎಫ್’ ಕಂಡಾಗ ಹೊಡೆಯಬೇಡ, ಆ ಸ್ವರದ ಮೇಲೆ ಭಾರ ಬಿಡು. ಮಣಿಕಟ್ಟು ಕೆಳಗಿಳಿದು ‘ಪಿ’ಗೆ ಮೇಲೇಳಲಿ. ಬಲಗೈಯ ಮೇಲಿನ ಸ್ವರಕ್ಕೆ ಮಾತ್ರ ಭಾರ, ಎಡಗೈ ಅರ್ಧಕ್ಕಿಂತ ಕಮ್ಮಿ. ಎರಡೂ ಕೈ ಒಟ್ಟಿಗೆ ಎಫ್ ಮಾಡುತ್ತಿದ್ದೀಯ, ಅದಕ್ಕೇ ಪಾತ್ರೆ ಬೀಳುತ್ತಿದೆ. ‘ಎಫ್’ ಗುರುತಿನ ಸ್ವರದಲ್ಲಿ ಪೆಡಲ್ ಮುಟ್ಟಲೇಬೇಡ. ಬೇಕಿದ್ದರೆ ‘ಪಿ’ಯಲ್ಲಿ ಮುಟ್ಟು. ಮೊದಲ ನಾಲ್ಕು ಬಾರ್ ಸಾಕು, ಅದಷ್ಟೇ ಹತ್ತು ಥರ ಮಾಡಿ ನೋಡು.

ಆಮೇಲೆ ಧಾಟಿ ತಿರುಗಿ ಬಂದಾಗೆಲ್ಲ ಹಿಂದಿನ ಸಲಕ್ಕಿಂತ ಯಾವ ಸ್ವರ ಹೊಸದು ಅಂತ ಪೆನ್ಸಿಲ್‌ನಲ್ಲಿ ಸುತ್ತು ಹಾಕು. ನಿನ್ನ ಕಿವಿಗೆ ಹೊಸದು ಅನಿಸಿದರೆ ಕೇಳುವವರು ವಾಟ್ಸ್ಆ್ಯಪ್ ತೆಗೆಯಲ್ಲ.

ಸುಮ್ನೆ_ಕೇಳುವವ

ನನ್ನ ಮರ್ಯಾದೆ ಹೋಯ್ತು.

ಕಪ್ಪುಬಿಳುಪು

ಎರಡನೇ ರೆಕಾರ್ಡಿಂಗ್ ಹಾಕಿದ್ದೇನೆ, ಆಂಡಾಂಟೆ ಮಾತ್ರ. ಬೇರೆ ಆ್ಯಪ್, ಫೋನು ದೂರ, ಫ್ಯಾನ್ ಆಫ್ (ಬೆವರಿಳಿದು ಹೋಯಿತು). ಪಿಯಾನೋ ಟ್ಯೂನಿಂಗ್ ಇನ್ನೂ ಆಗಿಲ್ಲ, ‘ಎಫ್’ ಸ್ವರ ಹಾಗೇ ಅಲುಗುತ್ತಿದೆ.

ಮಿಸ್‌ಗೆ ನೆಕ್ಕರ್ ದಂಡೆ ಅಂಕಲ್ ಹೇಳಿದ್ದನ್ನೆಲ್ಲ ಹೇಳಿದೆ. ಈ ಸೊನಾಟಾ ಬಗ್ಗೆ ಮೊಜಾರ್ಟನ ಅಪ್ಪ ಏನಂದರು ಗೊತ್ತಾ ಅಂತ ಅವರೇ ಕೇಳಿದರು. ಗೊತ್ತಿರಲಿಲ್ಲ.

ನೆಕ್ಕರ್_ದಂಡೆ

ಹೌದೌದು, ಅದನ್ನು ಬರೆಯಬೇಕಿತ್ತು! ಸೊನಾಟಾದ ಪ್ರತಿ ಸಾಲ್ಜ್‌ಬರ್ಗ್‌ಗೆ ಬಂತು. ಅಕ್ಕ ನಾನರ್ಲ್ ಕೂತು ಅಭ್ಯಾಸ ಮಾಡಿದಳು. ಅಪ್ಪ ಲಿಯೋಪೋಲ್ಡ್ ಡಿಸೆಂಬರ್‌ನಲ್ಲಿ ಉತ್ತರ ಬರೆದ. ವಿಚಿತ್ರವಾದ ಸೊನಾಟಾ, ಮ್ಯಾನ್‌ಹೈಮ್‌ನವರ ನಾಟಕೀಯ ಅಭಿರುಚಿ ಇದಕ್ಕೆ ಸ್ವಲ್ಪ ಅಂಟಿದೆ, ಆದರೂ ನಿನ್ನ ಒಳ್ಳೆಯ ಶೈಲಿ ಕೆಡುವಷ್ಟು ಇಲ್ಲ ಅನ್ನುವ ಅರ್ಥದಲ್ಲಿ. ಕಾನ್ನಬಿಕ್ ಮನೆಯಲ್ಲಿ ಕೇಳಿದವರೆಲ್ಲ ತಲೆ ಮೇಲೆ ಹೊತ್ತು ಕುಣಿದಿದ್ದರು, ಅಪ್ಪ ಮಾತ್ರ ತೂಗಿ ನೋಡಿದ. ಆ ಎಫ್-ಪಿ ಕುಣಿತವೇ ಮ್ಯಾನ್‌ಹೈಮ್ ಗಾಳಿ ಅಂತ ನನಗನಿಸುತ್ತದೆ.

ವೀಣಾಪಾಣಿ_ಅಕ್ಕ

ಎರಡನೆಯದು ಕೇಳಿದೆ. ತಾಳ ಹಾಕಿದೆ, ಈ ಸಲ ಕೈ ತಪ್ಪಲಿಲ್ಲ. ಒಂದೇ ಕಡೆ, 3:20ರ ಹತ್ತಿರ ಸಣ್ಣ ಸ್ವರಗಳ ಗುಂಪು ಬಂದಾಗ ಎಡಗೈ ಚೂರು ಕಾದಿತು.

ಸುಮ್ನೆ_ಕೇಳುವವ

ಪೂರ್ತಿ ಕೇಳಿದೆ, ಫೋನ್ ಮುಟ್ಟಲಿಲ್ಲ, ಆಣೆಗೂ. ಏನು ಬದಲಾಯಿತು ಅಂತ ಹೇಳಲು ಬರಲ್ಲ. ಧಾಟಿ ತಿರುಗಿ ಬಂದಾಗ ‘ಓ, ಈ ಸಲ ಏನು ಮಾಡ್ತಾಳೆ’ ಅಂತ ಕಾಯುವ ಹಾಗಾಯಿತು.

ಬೆರಳಚ್ಚು

ಎಫ್-ಪಿ ಬಂದಿದೆ. ಮೊದಲ ಪುಟದಲ್ಲಿ ಚೆನ್ನಾಗಿ, ಕೊನೆಯ ಪುಟದಲ್ಲಿ ಮತ್ತೆ ಮರೆತಿದ್ದೀಯ. ಪೆಡಲ್ ಇನ್ನೂ ಜಾಸ್ತಿ ಅಂತಲೇ ನನ್ನ ಅಭಿಪ್ರಾಯ.

ಕಪ್ಪುಬಿಳುಪು

ಪೆಡಲ್ ವಿಷಯದಲ್ಲಿ ಮಿಸ್ ನನ್ನ ಪಕ್ಷ ಮೇಡಂ 🙂 ಹಾಲ್‌ನಲ್ಲಿ ಬೇರೆ ಪಿಯಾನೋ ಇದೆ, ಅಲ್ಲಿ ನುಡಿಸಿ ನೋಡಿ ತೀರ್ಮಾನ ಮಾಡೋಣ ಅಂದಿದ್ದಾರೆ.

ಬೆರಳಚ್ಚು

ಅದು ಸರಿಯಾದ ಮಾತು. ಹಾಲ್ ಪಿಯಾನೋ ಮೇಲೆ ಒಂದು ಗಂಟೆಯಾದರೂ ಮುಂಚೆ ಸಿಗುವ ಹಾಗೆ ಕೇಳಿಕೊಳ್ಳಿ. ಅಲೆಗ್ರೊದಲ್ಲಿ ರಿಪೀಟ್ ತಗೋ. ಏಳು ಬಾರ್‌ನ ಆ ತಮಾಷೆ ಕೇಳುವವರಿಗೆ ಎರಡನೇ ಸಲವೇ ಹೊಳೆಯುವುದು. ಮೂರನೇ ಭಾಗ, ರೊಂಡೊ, ಎಲ್ಲಿಗೆ ಬಂತು?

ಕಪ್ಪುಬಿಳುಪು

ರೊಂಡೊ ಬಗ್ಗೆ ಕೇಳಬೇಡಿ. ಬಲಗೈಯಲ್ಲಿ ಗಡಗಡ ನಡುಗುವ ಆ ಪ್ಯಾಸೇಜ್ ಬಂದಾಗ ಮೊಣಕೈ ತನಕ ಕಲ್ಲಾಗುತ್ತದೆ. ನಿಧಾನಕ್ಕೆ ಮೆಟ್ರೊನೋಮ್ ಇಟ್ಟು ಮಾಡುತ್ತಿದ್ದೇನೆ.

ಬೆರಳಚ್ಚು

ಹೆಬ್ಬೆರಳು ಒತ್ತುತ್ತಿರಬೇಕು, ಅದಕ್ಕೇ ಕಲ್ಲಾಗುವುದು. ಹೆಬ್ಬೆರಳು ಕೀ ಬಿಟ್ಟು ಮೇಲೇಳದಿರಲಿ, ಮಣಿಕಟ್ಟು ಬಾಗಿಲ ಹಿಡಿ ತಿರುಗಿಸುವ ಹಾಗೆ ಆಡಲಿ. ಕೈ ಮಾತ್ರ ಕಾಣುವ ಹಾಗೆ ಮೇಲಿಂದ ಒಂದು ವಿಡಿಯೊ ಹಾಕು, ಯಾವ ಬೆರಳಿಟ್ಟಿದ್ದೀಯ ನೋಡೋಣ.

ತಂತಿ_ಬಿಗಿಯುವವ

ಆ ವಿಡಿಯೊಗಾದರೂ ಫ್ಯಾನ್ ಹಾಕ್ಕೋ, ಪರವಾಗಿಲ್ಲ.